ಅತ್ತೆಯ ಟ್ಯಾಂಕು

ನಮ್ಮತ್ತೆಯ ಬಲಗೈ ತೋರುಬೆರಳಿನ ತುದಿ ತುಂಬ ರೇಷ್ಮೆ ಎಳೆ ಕೊರೆದ ಗೀರುಗಳಿದ್ದವು. ಕೋಪ ಬಂದಾಗ ಆ ಬೆರಳನ್ನೇ ಹಲ್ಲಿಗೆ ಕೊಟ್ಟು ಕಚ್ಚುತ್ತಿದ್ದಳು. ನನ್ನ ಅಪ್ಪನ ಅಕ್ಕ ಅವಳು. ಗಂಡ ತೀರಿಕೊಂಡ ಮೇಲೆ ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಂದು, ನಮ್ಮ ಮನೆಯ ಎರಡನೆಯ ಮಗ್ಗಕ್ಕೆ ಕೂತು, ಕೊನೆಯವರೆಗೂ ನಮ್ಮಲ್ಲೇ ಉಳಿದಳು.

ಮಾವ ಸೈನ್ಯದಲ್ಲಿ ಟ್ಯಾಂಕ್ ಡ್ರೈವರ್ ಆಗಿದ್ದವರು. ನೀರಿನಲ್ಲೂ ತೇಲಿಕೊಂಡು ಹೋಗುತ್ತಿದ್ದ ಹಗುರ ಟ್ಯಾಂಕು ಅದು. ಅಂಥವು ಈಗ ಸೈನ್ಯದಲ್ಲೇ ಇಲ್ಲ. ಜೊತೆಗಾರರೊಬ್ಬರು ಅದರದೇ ಎರಕ ಹೊಯ್ದ ಪುಟ್ಟ ಮಾದರಿಯನ್ನು ಅವರಿಗೆ ಕೊಟ್ಟಿದ್ದರು. ಅಂಗೈಯಗಲ, ಹಸಿರು ಬಣ್ಣ, ಹಿಡಿದರೆ ತಣ್ಣಗೆ ಭಾರ. ಮುಂಭಾಗದ ಚಿಕ್ಕ ಮುಚ್ಚಳ ಮುಟ್ಟಿ, "ನಾ ಇಲ್ಲಿ ಕೂತ್ಕತಿದ್ದೆ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ಮಾವ ರಕ್ತ ಕಾರಿಕೊಂಡರು. ಮೈಸೂರಿಗೆ ಕರೆದೊಯ್ಯಬೇಕಿತ್ತು. ಅಂಗಳದಲ್ಲಿ ಅವರ ತಮ್ಮನ ಕಾರು ನಿಂತಿತ್ತು.

"ಸೀಟೆಲ್ಲ ಗಲೀಜಾಯ್ತದೆ ಅತ್ತಿಗೆ, ಬಸ್ಸಲ್ಲಿ ಕರ್ಕಂಡೋಗಿ," ಎಂದ ಆ ತಮ್ಮ.

ನರಸೀಪುರ ತಲುಪುವ ಮೊದಲೇ, ಅತ್ತೆಯ ಭುಜಕ್ಕೆ ಒರಗಿಕೊಂಡು ಮಾವ ಪ್ರಾಣ ಬಿಟ್ಟರು. ತಿಥಿ ಮುಗಿದು ಅತ್ತೆ ಬಟ್ಟೆಬರೆ ಕಟ್ಟಿಕೊಳ್ಳುವಾಗ, "ಇದು ನಮ್ಮ ವಂಶದ್ದು" ಎಂದು ಅವನೇ ಟ್ಯಾಂಕನ್ನು ತೆಗೆದುಕೊಂಡು ಶೋಕೇಸಿನಲ್ಲಿಟ್ಟ.

ಅತ್ತೆ ಮರೆಯುವ ಪೈಕಿಯಲ್ಲ. ಆ ಮನೆಗೆ ಏನಾದರೂ ಕೇಡಾಯಿತೆಂದು ಸುದ್ದಿ ಬಂದರೆ ಅಂದು ನಮ್ಮಲ್ಲಿ ಪಾಯಸ. ಅವರ ಬೋರ್‌ವೆಲ್ ಬತ್ತಿತೆಂದು ಕೇಳಿದ ದಿನ ಗಸಗಸೆಯನ್ನೇ ಅರೆದಳು. ಅಮ್ಮ ಮುಟ್ಟುತ್ತಿರಲಿಲ್ಲ. ನಾನು ಕುಡಿಯುತ್ತಿದ್ದೆ, ಆದರೆ ಒಳಗೊಳಗೇ ಅಳುಕುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಯಳಂದೂರಿನಲ್ಲಿ ಯೋಧರ ಕುಟುಂಬದವರಿಗೆ ಸನ್ಮಾನ ಏರ್ಪಾಡಾಯಿತು. ಮಾವನ ಹೆಸರಿನಲ್ಲಿ ಶಾಲು ಹೊದೆಯುವವನು ಆ ತಮ್ಮನೇ ಎಂದು ಗೊತ್ತಾದದ್ದೇ ತಡ, ಅತ್ತೆ ತಾನು ನೇಯ್ದ ಸೀರೆಯುಟ್ಟು ನನ್ನನ್ನೂ ಹೊರಡಿಸಿದಳು. ವೇದಿಕೆಯ ಮೇಜಿನ ಮೇಲೆ ಹೂವಿನ ನಡುವೆ ಟ್ಯಾಂಕಿತ್ತು. ಅವನ ಕೊರಳಿಗೆ ಹಾರ ಬೀಳುತ್ತಿದ್ದಂತೆ ಅತ್ತೆ ಮೆಟ್ಟಿಲು ಹತ್ತಿದಳು. ಅವಳೂ ಸನ್ಮಾನಕ್ಕೇ ಬಂದವಳೆಂದುಕೊಂಡು ಯಾರೂ ತಡೆಯಲಿಲ್ಲ. ಟ್ಯಾಂಕನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

"ಅತ್ತಿಗೆ, ಇಲ್ಲಿ ಬ್ಯಾಡ, ಮನೇಗ್ ಬನ್ನಿ," ಎಂದು ಅವನು ಪಿಸುಗುಟ್ಟಿದ.

ಅತ್ತೆ ಮೈಕಿನ ಮುಂದೆ ನಿಂತಳು. "ಇಂತಾ ಟ್ಯಾಂಕ್ ಓಡುಸ್ತಿದ್ದೋರು ಬಸ್ಸಲ್ಲಿ ಸತ್ರು ಕಣ್ರಪ್ಪ. ಅಂಗ್ಳದಲ್ಲಿ ಕಾರಿತ್ತು. ಸೀಟು ಗಲೀಜಾಯ್ತದೆ ಅಂದೋನು ಇವ್ನೇ. ಇನ್ನೊಂದು ಆರ ಇದ್ರೆ ಅದ್ನೂ ಆಕಿ."

ಅವನು ಹಾರವನ್ನು ತೆಗೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನಿಂತಿದ್ದ.

ಆಮೇಲೆ ಅವನು ಹಾಸಿಗೆ ಹಿಡಿದ. ಅವನ ಮಗ ನಮ್ಮ ಮನೆಗೆ ಬಂದು ಗೋಗರೆದ: "ದೊಡ್ಡವ್ವ, ಕ್ಷಮಿಸ್ದೆ ಅಂತ ಒಂದ್ಮಾತು ಯೋಳ್ಬುಡಿ. ಅಪ್ಪನ ಜೀವ ಓಯ್ತಿಲ್ಲ."

ಅತ್ತೆ ಹೋದಳು, ಜೊತೆಗೆ ನಾನೂ. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದಳು. ಅವನು ಕೈಮುಗಿದು ಅಳುವುದನ್ನು ನೋಡುತ್ತಾ ಕೂತಿದ್ದು, "ಕ್ಷಮ್ಸಕ್ ಬಂದಿಲ್ಲ ಕಣಪ್ಪ. ನೀ ಕೇಳ್ಕಳದ ನೋಡವ ಅಂತ ಬಂದೆ," ಎಂದು ಎದ್ದುಬಿಟ್ಟಳು.

ವಾಪಸು ಬರುವಾಗ ನಾನು ತಡೆಯಲಾರದೆ, "ಒಂದ್ಮಾತು ಯೋಳ್ಬೋದಿತ್ತಲ್ಲ ಅತ್ತೆ?" ಎಂದೆ.

"ಸಾಯೋನು ಕೇಳ್ದ ಅಂತ ಕೊಟ್ಬುಟ್ರೆ, ಸತ್ತೋರ್ಗೆ ನಾ ಏನ್ ಯೋಳ್ಲವ್ವ?"

ಹೋದ ವರ್ಷ ಅತ್ತೆಯೂ ಹೋದಳು. ತಿಥಿಯ ದಿನ ಆ ಮಗ ಬಂದಿದ್ದ. ಒಳ್ಳೆಯ ಹುಡುಗ, ಅವಳ ಹೆಣಕ್ಕೆ ಹೆಗಲು ಕೊಟ್ಟವನು. ಊಟ ಮುಗಿಸಿ, ಸಂಕೋಚದಿಂದ ಕೇಳಿದ: "ಅಕ್ಕ, ಆ ಟ್ಯಾಂಕ್ ನಂಗೆ ಕೊಡ್ತೀರಾ? ದೊಡ್ಡಪ್ಪನ ನೆಪ್ಪಿಗೆ."

ಅತ್ತೆಯಿಂದ ನಾನು ಕಲಿತದ್ದು ಮಗ್ಗದ ಕೆಲಸ ಮಾತ್ರ ಎಂದು ಅಲ್ಲಿಯವರೆಗೆ ನಂಬಿಕೊಂಡಿದ್ದೆ.

"ಕೊಡಲ್ಲ," ಎಂದೆ.

ಅವನ ಮುಖ ಸಣ್ಣದಾಯಿತು. ನಿಜ ಮುಚ್ಚಿಟ್ಟುಕೊಂಡು ಏನು ಪ್ರಯೋಜನ, ನನಗೆ ಸಂತೋಷವಾಯಿತು.