ಹಸಿ ವಾರ್ನಿಷ್ ಮತ್ತು ನನ್ನ ಟವೆಲ್

ಹದಿನೈದು ದಿನದ ಹಿಂದೆ, ಒಂದು ಬುಧವಾರ ಬೆಳಿಗ್ಗೆ, ನಾನು ನನ್ನ ಮೋಟಾರಿನ ಬಾಗಿಲನ್ನು ಟವೆಲ್ಲಿನಿಂದ ಒರೆಸಿದೆ. ಅಷ್ಟೇ. ಇದೂ ಒಂದು ಅಪರಾಧವೇ? ಲಿಂಗಸುಗೂರಿನ ಮುನ್ಸಿಫ್ ಕೋರ್ಟಿನಲ್ಲಿ ವರ್ಷಗಟ್ಟಲೆ ಉರ್ದುವಿನಲ್ಲಿ ವಾದಿಸಿದ ವಕೀಲ ನಾನು. ಕನ್ನಡದಲ್ಲಿ ಒಪ್ಪಿಕೊಳ್ಳುತ್ತೇನೆ: ಹೌದು, ಅಪರಾಧ.

ಸಂಗತಿ ಹೀಗೆ. ನನ್ನದು ಸೆಕೆಂಡ್ ಹ್ಯಾಂಡ್ ಮೋಟಾರು. (ನನ್ನವಳು ಅದನ್ನು ‘ನಿಮ್ಮ ಡಬ್ಬಿ’ ಎನ್ನುತ್ತಾಳೆ.) ಅದಕ್ಕೆ ಬಣ್ಣ ಹಚ್ಚಲು ಮಸ್ಕಿಯ ತಿಪ್ಪಣ್ಣ ಬಂದಿದ್ದ. ಟಾಂಗಾಗಳಿಗೆ ಬಣ್ಣ ಹಚ್ಚುವವ. ಕೈ ಬಂಗಾರ. ಆದರೆ ಟಾಂಗಾಗಳು ಕಡಿಮೆಯಾಗುತ್ತಿವೆ, ಮೋಟಾರಿನವರು ರಾಯಚೂರಿನ ಪೇಂಟರನ್ನೇ ಕರೆಸುತ್ತಾರೆ. ನನ್ನ ಡಬ್ಬಿಯೇ ಅವನ ಮೊದಲ ಮೋಟಾರು. ಅದನ್ನು ನೋಡಲು ಸಿಂಧನೂರಿನ ಹತ್ತಿ ಸಾಹುಕಾರರು ಶುಕ್ರವಾರ ಬರುವವರಿದ್ದರು. ಹಿಡಿಸಿದರೆ ಅವರ ದೊಡ್ಡ ಮೋಟಾರು ತಿಪ್ಪಣ್ಣನ ಕೈಗೆ. ಹಿಡಿಸದಿದ್ದರೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ಊರಿನಲ್ಲಿ ಯಾವ ಮೋಟಾರಿನವನೂ ಅವನನ್ನು ಕರೆಯುವುದಿಲ್ಲ.

ಕರಿ ಬಣ್ಣ ಚೆನ್ನಾಗಿಯೇ ಕೂತಿತು. ಮಂಗಳವಾರ ಅದರ ಮೇಲೆ ವಾರ್ನಿಷ್. ಇಲ್ಲೇ ನಾನು ಮೂಗು ತೂರಿಸಿದ್ದು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತೇವಲ್ಲ? ಯಾರ ಎತ್ತಿನ ಕೋಡಿನಿಂದ ಬಣ್ಣ ತೊಟ್ಟಿಕ್ಕುತ್ತದೋ ಅವರದೇ ದೊಡ್ಡ ಮನೆ. ನನ್ನ ಕರಿಕೋಟಿನ ಒಳಗಿದ್ದ ರೈತ ಎದ್ದು ನಿಂತ.

“ತೆಳ್ಳಗ ಎರಡು ಸಲ ಹಚ್ತೀನ್ರಿ,” ಎಂದ ತಿಪ್ಪಣ್ಣ.

“ಯಾಕಲೇ ಜಿಪುಣತನ? ಒಮ್ಮಿಗೇ ದಪ್ಪಗ ಹಚ್ಚು. ನಮ್ಮ ಮನಿ ಮರ್ಯಾದಿ ಐತಿ!”

ಹಚ್ಚಿದ, ಪಾಪ. ಬೆಳಿಗ್ಗೆ ನೋಡಿದರೆ ವಾರ್ನಿಷ್ ಬಾಗಿಲ ಮೇಲೆ ಮೂರು ಸಾಲಾಗಿ ಇಳಿದು, ತುದಿಯಲ್ಲಿ ದಪ್ಪ ಹನಿಯಾಗಿ ನಿಂತಿದೆ. ಅತ್ತ ಕೂಸಿನ ಕೆನ್ನೆಯಂತೆ. ತಿಪ್ಪಣ್ಣ ಸ್ನಾನಕ್ಕೆ ಹೋಗಿದ್ದ. ನನಗೆ ತಡೆಯಲಾಗಲಿಲ್ಲ, ಟವೆಲ್ ತೆಗೆದುಕೊಂಡೆ. ಒರೆಸಿದರೆ ಗೆರೆ ಹೋಗಿ ಅಂಗೈ ಅಗಲದ ಸುಕ್ಕು ಬಂತು. ಅದರ ತುಂಬ ಟವೆಲ್ಲಿನ ಎಳೆ!

ತಿಪ್ಪಣ್ಣ ಬಂದು ನೋಡಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ.

“ಹಸಿ ಗಾಯ ಕೆರದೀರಲ್ರೀ ವಕೀಲ್ರ.”

“ಸೀಮೆಎಣ್ಣಿ ಹಾಕಿ ಒರಸೋಣೇನು?”

“ಇನ್ನ ಮುಟ್ಟಬ್ಯಾಡ್ರಿ! ಪೂರಾ ಒಣಗಲಿ, ಎಂಟು ದಿನ ಬೇಕು. ಗಟ್ಟಿಯಾದ ಮ್ಯಾಲ ಹೆರದು ತೆಗೀಬಹುದು. ಹಸೀದಕ್ಕ ದವಾ ಇಲ್ಲ.”

ಎಂಟು ದಿನ! ಸಾಹುಕಾರರು ಬರಲು ಎರಡೇ ದಿನ.

ಬಂದರು. ಮೋಟಾರಿನ ಸುತ್ತ ತಿರುಗಿದರು. “ಭೇಷ್” ಎಂದರು. ಆ ಬಾಗಿಲ ಮುಂದೆ ನಿಂತರು.

“ಇದೇನೋ ತಿಪ್ಪಣ್ಣ, ಎಮ್ಮಿ ನೆಕ್ಕಿದಂಗ ಆಗೈತಿ?”

ತಿಪ್ಪಣ್ಣ ನೆಲ ನೋಡಿದ. ನನ್ನ ಹೆಸರು ಹೇಳಿದ್ದರೆ ಬಚಾವಾಗುತ್ತಿದ್ದ. ಹೇಳಲಿಲ್ಲ. ಕಟಕಟೆಯಲ್ಲಿ ನಿಂತವರ ಬಾಯಿ ಬಿಡಿಸುವುದೇ ನನ್ನ ಕಸುಬು, ನಾನೇ ಬಾಯಿ ಬಿಡಲಿಲ್ಲ. ಆಮೇಲೆ ಅವನ ಕುತ್ತಿಗೆ ಇನ್ನೂ ಕೆಳಗೆ ಬಾಗಿದ್ದು ನೋಡಿ ನಾಚಿಕೆಯಾಯಿತು.

“ಅವನ ತಪ್ಪಲ್ರಿ ಸಾಹುಕಾರ್ರ. ದಪ್ಪಗ ಹಚ್ಚಂದವನೂ ನಾನ, ಹಸೀದು ಒರಸಿದವನೂ ನಾನ.”

ಸಾಹುಕಾರರು ಬಾಗಿಲನ್ನೂ ನನ್ನನ್ನೂ ನೋಡಿದರು. “ಬರೋ ಶುಕ್ರವಾರ ಮತ್ತ ಬರ್ತೀನಿ. ಅಷ್ಟರಾಗ ಸರಿ ಆಗಿರಬೇಕು ನೋಡು, ತಿಪ್ಪಣ್ಣ.”

ಒಂದು ವಾರ ನಾನು ಕೈ ಕಟ್ಟಿಕೊಂಡು ಓಡಾಡಿದೆ. ಗುರುವಾರ ತಿಪ್ಪಣ್ಣ ಬಾಗಿಲಿಗೆ ಉಗುರು ಒತ್ತಿ ನೋಡಿ, ಗಡ್ಡದ ಬ್ಲೇಡ್ ಹಿಡಿದ. ಉಬ್ಬಿದ್ದನ್ನಷ್ಟೇ ಹೆರೆದ. ನುಣುಪು ಉಸುಕಿನ ಕಾಗದವನ್ನು ಕಟ್ಟಿಗೆ ತುಂಡಿಗೆ ಸುತ್ತಿ, ಸಬಕಾರದ ನೀರಿನಲ್ಲಿ ಅದ್ದಿ ಉಜ್ಜಿದ. ಹೊಳಪೆಲ್ಲ ಹೋಗಿ ಬಾಗಿಲು ಬೂದಿ ಬಣ್ಣಕ್ಕೆ ತಿರುಗಿತು. ನಾನು ಕಟ್ಟಿದ ಕೈಯನ್ನು ಇನ್ನೂ ಬಿಗಿ ಮಾಡಿಕೊಂಡೆ. (ದಪ್ಪಗೆ ಹಚ್ಚಿಸಿದ್ದರಿಂದಲೇ ಅಡಿಯಲ್ಲಿ ಇನ್ನೂ ವಾರ್ನಿಷ್ ಉಳಿದಿತ್ತು. ಇದನ್ನು ನಾನು ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ.)

“ಅಕ್ಕಾರ, ಒಂದು ವಿಭೂತಿ ಉಂಡಿ ಕೊಡ್ರಿ, ಚೂರು ಎಳ್ಳೆಣ್ಣಿ,” ಎಂದು ತಿಪ್ಪಣ್ಣ ಕೂಗಿದ.

ನನ್ನವಳು ಹೊಸ್ತಿಲಿಗೆ ಬಂದಳು. “ಅಯ್ಯ ಶಿವನ! ಪೂಜಿ ವಿಭೂತಿ ಆ ಡಬ್ಬಿಗೆ ಬಳೀತೀಯೇನು?”

“ಶಿವ ಏನೂ ಅನ್ನಂಗಿಲ್ರಿ. ಅದಕ್ಕಿಂತ ನುಣುಪು ಪುಡಿ ಈ ಊರಾಗ ಎಲ್ಲೈತಿ?”

ಕೊಟ್ಟಳು. ಎರಡನ್ನೂ ಕಲಸಿ ತಿಪ್ಪಣ್ಣ ಮೆತ್ತನೆ ಬಟ್ಟೆಯಿಂದ ತಿಕ್ಕುತ್ತ ಹೋದಂತೆ ಬಾಗಿಲಿನಲ್ಲಿ ಮೊದಲು ಅಂಗಳದ ಬೇವಿನಮರ ಕಂಡಿತು, ಆಮೇಲೆ ನನ್ನ ಮುಖ. ಅವತ್ತು ನನಗಾದ ಸಂತೋಷ ಯಾವ ಕೇಸು ಗೆದ್ದಾಗಲೂ ಆಗಿರಲಿಲ್ಲ.

ಶುಕ್ರವಾರ ಸಾಹುಕಾರರು ಬಾಗಿಲ ಮೇಲೆಲ್ಲ ಅಂಗೈ ಆಡಿಸಿದರು. ಆ ಜಾಗ ಎಲ್ಲಿತ್ತೆಂದು ಸಿಗಲೇ ಇಲ್ಲ.

“ನಮ್ಮ ಮೋಟಾರ್ ಇಲ್ಲಿಗೇ ಕಳಸ್ತೀನಿ, ತಿಪ್ಪಣ್ಣ.”

ತಿಪ್ಪಣ್ಣ ಕೈಮುಗಿದ. “ಬ್ಯಾಡ್ರಿ ಯಪ್ಪಾ. ನಾನ ಸಿಂಧನೂರಿಗೆ ಬರ್ತೀನಿ. ಇಲ್ಲಿ ವಕೀಲ್ರು ಅದಾರ.”

ಎಲ್ಲರೂ ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೂ ಎದೆ ಮುಟ್ಟಿಕೊಂಡು ಹೇಳಿ: ಕಣ್ಣೆದುರೇ ಕೆಟ್ಟದ್ದನ್ನು ಎಂಟು ದಿನ ಮುಟ್ಟದೆ ಇರಬಲ್ಲ ಮನುಷ್ಯ ತಿಪ್ಪಣ್ಣನನ್ನು ಬಿಟ್ಟರೆ ನಮ್ಮ ಮೂರು ಊರಿನಲ್ಲಿ ಇನ್ಯಾರಿದ್ದಾರೆ?