ಲಿಗೋರಿ ಎಂಬ ವಾದ್ಯ

ನಾನು ಕಂಪ್ಯೂಟರ್ ಕಲಿತದ್ದು ಬ್ಯಾಂಡ್ ಸೆಟ್ಟಿಗೆ ಸ್ವರ ಬರೆಯುವುದಕ್ಕಾಗಿ. ಆಗ ನಾನು ಬಂಟ್ವಾಳದ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತ. ರಜೆ ಬಂತೆಂದರೆ ಕೆಂಪು ಕೋಟು ತೊಟ್ಟು ಮದುವೆ ದಿಬ್ಬಣದ ಮುಂದೆ ಕ್ಲಾರಿನೆಟ್ ಊದುವವ. ಸೋಮವಾರ ತರಗತಿಯಲ್ಲಿ ಮಕ್ಕಳು ಮುಸಿಮುಸಿ ನಗುತ್ತಿದ್ದುದು ಸಂಧಿ ಸಮಾಸಗಳಿಗಲ್ಲ ಎಂಬುದು ನನಗೆ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ಶಾರ್ಜಾದಿಂದ ಬಂದ ಭಾವ ಒಂದು ಹಳೆಯ ಕಂಪ್ಯೂಟರನ್ನೂ ಅದರೊಳಗೆ ಸ್ವರಲಿಪಿ ಬರೆಯುವ ಸಾಫ್ಟ್‌ವೇರನ್ನೂ ತಂದುಕೊಟ್ಟರು. ಅದರಲ್ಲಿ ಪ್ರತಿ ವಾದ್ಯಕ್ಕೂ ಒಂದು ವಿವರಣೆ: ಹೆಸರೇನು, ದನಿ ಯಾವುದು, ಎಷ್ಟು ಕೆಳಗೆ ಇಳಿದೀತು, ಎಷ್ಟು ಮೇಲೆ ಏರೀತು. ಆ ಮಿತಿ ದಾಟಿ ಒಂದು ಸ್ವರ ಬರೆದರೂ ಅದು ಪರದೆಯ ಮೇಲೆ ಕೆಂಪಾಗುತ್ತಿತ್ತು. ಊರಿನ ಮಕ್ಕಳ ಉತ್ತರಪತ್ರಿಕೆಗಳಿಗೆಲ್ಲ ಕೆಂಪು ಬಳಿದ ನನಗೆ ಅದು ತಕ್ಕ ಶಾಸ್ತಿಯೇ.

ನಮ್ಮ ಬ್ಯಾಂಡಿನ ಟ್ರಂಪೆಟ್ ಲಿಗೋರಿ ಪೊರ್ಬುಗಳದ್ದು. ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಪೊರ್ಬುಗಳೆಂದೇ ಕರೆಯುವುದು. ಮೂಡುಬಿದಿರೆಯಲ್ಲಿ ಅವರ ಟೈಲರ್ ಅಂಗಡಿ. ನಮ್ಮ ಕೆಂಪು ಕೋಟುಗಳನ್ನು ಹೊಲಿದವರೂ ಅವರೇ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಚಿಕ್ಕಂದಿನಲ್ಲೇ 'ದೋ ರೆ ಮಿ ಫಾ ಸೊ ಲಾ ತಿ' ಎಂದು ಸ್ವರಲಿಪಿ ಕಲಿತವರು. ಮೇಲಿನ 'ಸೊ' ಹಿಡಿದು ಅವರು ನಿಂತರೆ ದಿಬ್ಬಣಕ್ಕೆ ಬೇರೆ ಪಟಾಕಿ ಬೇಡವಾಗಿತ್ತು.

ಒಂದು ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಮಾಣಿ ಪೇಟೆಯ ತಿರುವಿನಲ್ಲಿ ಅವರ ಸ್ಕೂಟರ್ ಜಲ್ಲಿಯ ಮೇಲೆ ಜಾರಿತು. ಮೇಲಿನ ಮುಂಬಲ್ಲುಗಳು ಹೋದವು. ಡಾಕ್ಟರು ಹೊಸ ಹಲ್ಲು ಕಟ್ಟಿಕೊಟ್ಟರು. ಉಣ್ಣಲಿಕ್ಕೆ, ನಗಲಿಕ್ಕೆ ತೊಂದರೆಯಿಲ್ಲ. ಆದರೆ ಟ್ರಂಪೆಟ್ಟಿನ ಭಾರವೆಲ್ಲ ಬೀಳುವುದು ಆ ಹಲ್ಲುಗಳ ಮೇಲೆಯೇ. ನಡುವಿನ 'ಸೊ' ತನಕ ಹೇಗೋ ಏರುತ್ತಿದ್ದರು, ಅಲ್ಲಿಂದ ಮೇಲೆ ಬರೀ ಗಾಳಿ.

ಮುಂದಿನ ಪ್ರಾಕ್ಟೀಸಿಗೆ ಬರಿಗೈಯಲ್ಲಿ ಬಂದರು. "ನನಗೆ ತಾಳ ಕೊಡಿ ಮಾಷ್ಟ್ರೆ. ಅದಕ್ಕೆ ಹಲ್ಲು ಬೇಡ," ಎಂದರು. ಎಲ್ಲರೂ ನಕ್ಕೆವು, ಅವರು ನಗಲಿಲ್ಲ. ಮಂಗಳೂರಿನಿಂದ ಬೇರೆ ಟ್ರಂಪೆಟ್ಟಿನವರನ್ನು ಕರೆಸುವ ಮಾತೂ ಹುಟ್ಟಿತು. ಅದು ತಪ್ಪೆಂದು ಹೇಳುವಂತಿರಲಿಲ್ಲ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಟ್ರಂಪೆಟ್ಟಿನ ವಿವರಣೆ ತೆರೆದೆ. ಅದನ್ನು ಬರೆದ ಪುಣ್ಯಾತ್ಮ, ಊದುವವನ ಬಾಯಲ್ಲಿ ಎಲ್ಲ ಹಲ್ಲೂ ಇರುತ್ತವೆಂದು ನಂಬಿದ್ದ. ಒಂದು ಪ್ರತಿ ಮಾಡಿ, ಹೆಸರಿನ ಜಾಗದಲ್ಲಿ 'ಲಿಗೋರಿ' ಎಂದು ಹಾಕಿ, ಮೇಲಿನ ಮಿತಿಯನ್ನು ನಡುವಿನ 'ಸೊ'ಗೆ ಇಳಿಸಿದೆ. ಒಂದೇ ಏಟಿಗೆ ನಮ್ಮ ಬ್ಯಾಂಡ್ ನುಡಿಸುವ ಪದ್ಯಗಳೆಲ್ಲ ಕೆಂಪಾದವು. ಮಳೆಗಾಲದಲ್ಲಿ ಮದುವೆಗಳಿಲ್ಲ, ನನಗೆ ನೆಪವೂ ಇರಲಿಲ್ಲ. ಕೆಂಪೆಲ್ಲ ಕರಗುವ ತನಕ ಕೂತು ತಿದ್ದಿದೆ: ಮೇಲಿನ ಸ್ವರಗಳೆಲ್ಲ ನನ್ನ ಕ್ಲಾರಿನೆಟ್ಟಿಗೆ, ಅದರ ಅಡಿಯಲ್ಲಿ ಮೆಲ್ಲನೆ ಜೊತೆ ಕೊಡುವ ದಾರಿ ಟ್ರಂಪೆಟ್ಟಿಗೆ.

ಪ್ರಿಂಟ್ ತೆಗೆದ ಹಾಳೆಗಳನ್ನು ಅಂಗಡಿಗೆ ಒಯ್ದಾಗ ಹೊಲಿಗೆ ಮೆಷಿನ್ ನಿಂತಿತು.

"ಇದು ಯಾರಿಗೆ ಬರೆದದ್ದು?"

"ನಿಮಗೇ."

ಅವರು ಬಹಳ ಹೊತ್ತು ನೋಡಿ, ಹಾಳೆಗಳ ಮೇಲೆ ಕತ್ತರಿ ಇಟ್ಟು, ಮತ್ತೆ ಹೊಲಿಯತೊಡಗಿದರು. ಬೇಸರಿಸಿಕೊಂಡರೆಂದುಕೊಂಡು ಮರಳಿದೆ. ಆದರೆ ಮುಂದಿನ ಭಾನುವಾರ ಟ್ರಂಪೆಟ್ ಹಿಡಿದೇ ಬಂದರು.

ಅಲ್ಲಿಂದ ಮುಂದೆ ನನ್ನ ಕೆಲಸ ಆ ವಿವರಣೆಯನ್ನು ತಿದ್ದುತ್ತ ಹೋಗುವುದು. ಅಂಗಡಿ ಪಕ್ಕದ ಬೂತಿನಿಂದ ಫೋನು ಬರುತ್ತಿತ್ತು: 'ಲಾ' ಬಂತು. ನಾನು ಮಿತಿಯನ್ನು ಒಂದು ಮೆಟ್ಟಿಲು ಏರಿಸುತ್ತಿದ್ದೆ. ಆಮೇಲೆ 'ತಿ', ಮೇಲಿನ 'ದೋ', 'ರೆ'. ದೀಪಾವಳಿ ಹೊತ್ತಿಗೆ 'ಮಿ' ಬಂತು. ಮತ್ತೆ ಫೋನು ಬರಲಿಲ್ಲ. ಅತ್ತ ಮೇಲಿನ ಸ್ವರಗಳ ಹೊರೆ ಹೊತ್ತ ನನ್ನ ಕ್ಲಾರಿನೆಟ್ ಕೀರಲು ಶುರುವಾಗಿತ್ತು. ನನ್ನ ಶಕ್ತಿಯ ವಿವರಣೆಯನ್ನೂ ಪ್ರಾಮಾಣಿಕವಾಗಿ ಬರೆದಿದ್ದರೆ ಪರದೆಯಲ್ಲಿ ಕಪ್ಪು ಉಳಿಯುತ್ತಿರಲಿಲ್ಲ.

ಪೊಳಲಿಯ ಮದುವೆಯೊಂದರಲ್ಲಿ ಮದುಮಗಳ ಮಾವ ಬಂದು, ಈಗ ನಿಮ್ಮ ಬ್ಯಾಂಡಿನ ಹತ್ತಿರ ನಿಂತು ಮಾತಾಡ್ಲಿಕ್ಕೆ ಆಗ್ತದೆ ಎಂದರು. ಅದು ಹೊಗಳಿಕೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಪೊರ್ಬುಗಳು ಹೊಗಳಿಕೆ ಎಂದೇ ತಕ್ಕೊಂಡರು.

ಹೀಗೆ ವರ್ಷಗಳು ಹೋದವು. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗಲೆಲ್ಲ ನಾನು ಮೊದಲು ಸೇರಿಸುತ್ತಿದ್ದ ವಾದ್ಯ 'ಲಿಗೋರಿ'.

ಆಮೇಲೊಮ್ಮೆ ಬೆಳ್ತಂಗಡಿ ಹತ್ತಿರದ ಲಾಯಿಲದಲ್ಲಿ ಮದುವೆ. ದಿಬ್ಬಣ ಮದುವೆ ಹಾಲ್‌ನ ಬಾಗಿಲಿಗೆ ಬಂದಿದೆ. ನಾನು ಮೇಲಿನ 'ಸೊ' ಹಿಡಿಯಬೇಕು. ಅಷ್ಟರಲ್ಲಿ ಕ್ಲಾರಿನೆಟ್ಟಿನ ಬಾಯಲ್ಲಿರುವ ತೆಳು ಪಟ್ಟಿ, ರೀಡು, ಸೀಳಿ ಸದ್ದೇ ನಿಂತಿತು. ಆ ಖಾಲಿ ಜಾಗದಲ್ಲಿ ಪಕ್ಕದಿಂದ ಟ್ರಂಪೆಟ್ ಎದ್ದಿತು. ಅದೇ 'ಸೊ', ಹಿಂದಿನ ಹಾಗೆಯೇ. ಮದುಮಗಳು ಹೊಸ್ತಿಲು ದಾಟುವವರೆಗೂ ಪೊರ್ಬುಗಳು ಅದನ್ನು ಬಿಡಲಿಲ್ಲ. ಮತ್ತೆ ಟ್ರಂಪೆಟ್ ಇಳಿಸಿ, ಕರ್ಚೀಫಿನಲ್ಲಿ ಬಾಯಿ ಒರೆಸಿ, ಏನೂ ಆಗದವರಂತೆ ನಿಂತರು.

ಹಿಂದಿರುಗುವಾಗ ಜೀಪಿನಲ್ಲಿ ನನಗೆ ಸುಮ್ಮನಿರಲಾಗಲಿಲ್ಲ. ಮನೆಗೆ ಹೋದ ಕೂಡಲೇ ಮಿತಿಯನ್ನು 'ಸೊ'ಗೆ ಏರಿಸುತ್ತೇನೆ ಎಂದೆ. ಅವರು ಹೊರಗೆ ನೋಡುತ್ತಿದ್ದರು.

"ಬರೀಬೇಡಿ ಮಾಷ್ಟ್ರೆ. ಬರೆದ್ರೆ ನಾಳೆಯೂ ಊದ್ಬೇಕಾಗ್ತದೆ."

ನಾನು ಬರೆಯಲಿಲ್ಲ. ಆಮೇಲೆ ಎಷ್ಟೋ ದಿಬ್ಬಣಗಳಲ್ಲಿ, ಪದ್ಯ ಆ 'ಸೊ' ಇರುವ ಜಾಗಕ್ಕೆ ಬಂದಾಗ, ಬೇಕೆಂದೇ ನನ್ನ ಉಸಿರು ತುಸು ತಗ್ಗಿಸಿ ಕಿವಿಗೊಡುತ್ತಿದ್ದೆ. ಕೆಲವೊಮ್ಮೆ ಬರುತ್ತಿತ್ತು.