ಅವ್ವನ ದನಿಗೆ ಹೊಂದಿಸಿದ ಟೇಪುಗಳು

ಬೆಸುಗೆ ಹಾಕುವಾಗ ರಾಳ ಸುಟ್ಟು ಒಂಥರಾ ಘಾಟು ಹೊಗೆ ಏಳುತ್ತದಲ್ಲ, ಅದೇ ನನಗೆ ತವರುಮನೆಯ ವಾಸನೆ. ರೊಟ್ಟಿಯ ಹೊಗೆ ಹಿಂದಿನಿಂದ, ಈ ಹೊಗೆ ಮುಂದಿನಿಂದ ಬಂದು ನಮ್ಮ ನಡುಮನೆಯಲ್ಲಿ ಕೂಡುತ್ತಿದ್ದವು. ಗುಡಗೇರಿ ಸ್ಟೇಷನ್ನಿನ ಹಾದಿಗೆ ಮುಖ ಮಾಡಿದ್ದ ಮನೆ. ಮುಂದಿನ ಪಡಸಾಲೆಯಲ್ಲಿ ಅಪ್ಪನ ತಮ್ಮ ನಿಂಗಪ್ಪಕಾಕಾನ ರೇಡಿಯೊ, ಟೇಪ್‌ರೆಕಾರ್ಡರಿನ ಅಂಗಡಿ. ಹಿಂದೆ ಅವ್ವನ ಅಡಿಗೆಮನೆ. ಸಂತೆಯ ದಿನ ಸುತ್ತಲಿನ ಹಳ್ಳಿಯವರು ಕೆಟ್ಟ ಟೇಪನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ನಿಮ್ಮ ಊರಲ್ಲೂ ಅಂಥದೊಂದು ಅಂಗಡಿ ಇದ್ದಿರಬೇಕು. ಈಗ ಇರಲಿಕ್ಕಿಲ್ಲ.

ಕಾಕಾನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಲು ನಾನು ಕುಳಿತಿಲ್ಲ. ಹೇಳಿದ ದಿನಕ್ಕೆ ಒಂದು ಸಾಮಾನನ್ನೂ ಕೊಟ್ಟವನಲ್ಲ. ಸಿಟ್ಟು ಮೂಗಿನ ಮೇಲೆ. ಅವನಲ್ಲಿದ್ದ ಟೇಪು ಹುಬ್ಬಳ್ಳಿಯಲ್ಲಿ ಇನ್ನೂ ಸೋವಿಯಾಗಿ ಸಿಗುತ್ತಿತ್ತು. ಆದರೂ ಜನ ಬರುತ್ತಿದ್ದರು, ಅವನ ಒಂದು ಪದ್ಧತಿಗಾಗಿ. ಮಾರಲಿ, ರಿಪೇರಿ ಮಾಡಲಿ, ಮನುಷ್ಯರ ದನಿ ತುಂಬಿ ಕೇಳಿಸದೆ ಟೇಪನ್ನು ಕೈಗೆ ಕೊಡುತ್ತಿರಲಿಲ್ಲ. ಹಾಡು ತುಸು ಜೋರು ಓಡಿದರೆ ಯಾರಿಗೂ ತಿಳಿಯುವುದಿಲ್ಲ, ಮನೆಯವರ ದನಿಯಾದರೆ ಕೂಡಲೇ ತಿಳಿಯುತ್ತದೆ ಎನ್ನುತ್ತಿದ್ದ. ಅದಕ್ಕೆ ಅವನಿಗೆ ಸಿಕ್ಕವಳು ಅವ್ವ. ಕೂತಲ್ಲಿಂದಲೇ ಒಳಗೆ ಕೂಗುತ್ತಿದ್ದ: ‘ವೈನೀ, ಏನರ ಮಾತಾಡ್ರಿ!’

‘ರೊಟ್ಟಿ ಹೊತ್ತಾಕತ್ತೈತಿ, ನಿನ್ನ ಡಬ್ಬಿ ಕೂಡ ಏನ್ ಮಾತಾಡ್ಲೋ? ಉಣ್ಣಾಕ ಬಾ ಅಂದ್ರ ಕಿವಿ ಕೇಳಂಗಿಲ್ಲ, ಮಂದಿ ಟೇಪಿಗೆ ಕಿವಿ ಹಚ್ಚಿ ಕುಂದರ್ತಿ!’

ಆ ಬೈಗುಳವೇ ಕೈಗೆ ಸಿಕ್ಕ ಬೇರೊಂದು ಟೇಪಿನಲ್ಲಿ ತುಂಬಿಕೊಳ್ಳುತ್ತಿತ್ತು; ಆ ಕ್ಯಾಸೆಟ್ಟನ್ನು ಕಾಕಾ ಗಿರಾಕಿಯ ಟೇಪಿಗೆ ಹಾಕಿ ಹಚ್ಚುತ್ತಿದ್ದ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಟೇಪಿನ ಮೋಟಾರಿಗೆ ಓಟ ಹೆಚ್ಚು ಕಡಿಮೆ ಮಾಡುವ ಸಣ್ಣ ತಿರುಪು ಇರುತ್ತದೆ. ಕಾಕಾ ಅದನ್ನು ಕೂದಲೆಳೆಯಷ್ಟು ತಿರುಗಿಸಿ ಅಣ್ಣನನ್ನೂ ನನ್ನನ್ನೂ ಕೇಳುತ್ತಿದ್ದ, ‘ಇದು ನಿಮ್ಮವ್ವ ಹೌದೇನ್ಲೇ?’

‘ಅಲ್ಲ ಕಾಕಾ, ಇದು ನೆಗಡಿ ಬಂದ ಅವ್ವ.’

‘ಈಗ?’

‘ಈಗ ಹೌದು!’

ಕುಬಿಹಾಳದ ಗಿರಾಕಿಯೊಬ್ಬ ನಕ್ಕೂ ನಕ್ಕೂ ಹೇಳಿದ್ದ: ‘ನಮ್ಮ ಮನ್ಯಾಗಿನಾಕಿ ಬೈಯೂದು ಸಾಲವಲ್ತು ಅಂತ ನಿಮ್ಮ ವೈನಿ ಬೈಗಳಾನೂ ಕೊಟ್ಟು ಕಳಸ್ತಿಯೇನೋ ನಿಂಗಪ್ಪಾ?’ ಅವ್ವನಿಗೇ ನಗು ತಡೆಯಲಿಲ್ಲ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ನನ್ನ ಮದುವೆಗೆ ಮುಂಚೆಯೇ ಅವ್ವ ಸತ್ತಳು. ಮಣ್ಣು ಮಾಡಿ ಬಂದ ಮೇಲೆ ಕಾಕಾ ಎಷ್ಟೋ ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ತೆಗೆದ ದಿನ ರೂಢಿಯಂತೆ ‘ವೈನೀ’ ಎಂದು ಕೂಗಿಬಿಟ್ಟ. ಎದುರಿಗಿದ್ದ ಗಿರಾಕಿ ನೆಲ ನೋಡಿದ. ಕಡೆಗೆ ಕಾಕಾನೂ ಹೋದ, ಅಣ್ಣನೂ ಹೋದ. ಮನೆ ಕೆಡವಿ ಶಟರಿನ ಮಳಿಗೆ ಕಟ್ಟಿದರು. ನನ್ನ ಪಾಲಿಗೆ ಉಳಿದದ್ದು ಅವ್ವ ಬೈದ ಒಂದು ಕ್ಯಾಸೆಟ್ಟು. ಅದನ್ನು ಹಚ್ಚುವ ಟೇಪು ನನ್ನ ಹತ್ತಿರ ಇರಲಿಲ್ಲ; ಅಣ್ಣಿಗೇರಿಯ ತನಕ ಕೇಳಿದರೂ ಸಿಕ್ಕವು ಮೊಬೈಲಿನ ಅಂಗಡಿಗಳೇ.

ಈ ಸಲ ಮೊಮ್ಮಗಳು ಪವಿತ್ರಾ ಆನ್‌ಲೈನಿನಲ್ಲಿ ಸಣ್ಣ ಟೇಪೊಂದನ್ನು ತರಿಸಿದಳು. ಹೇಳಿದ ದಿನಕ್ಕೆ ಬಾಗಿಲಿಗೇ ಬಂತು; ಆ ಮಟ್ಟಿಗೆ ಕಾಕಾನಿಗಿಂತ ಮೇಲು. ಹಚ್ಚಿದೆವು. ಅವ್ವನ ಬದಲು ಯಾವುದೋ ಸಣ್ಣ ಹುಡುಗಿ ಗಡಿಬಿಡಿಯಲ್ಲಿ ರೊಟ್ಟಿ ಹೊತ್ತುತ್ತಿದೆ ಎಂದಳು. ಪವಿತ್ರಾ ಕಂಪನಿಗೆ ಫೋನು ಮಾಡಿದಳು. ‘ಬೇರೆ ಪೀಸ್ ಕಳಿಸ್ತೀವಿ ಮೇಡಂ’ ಎಂದರು. ಬೇರೆಯದು ಬಂದರೆ ಅದರಲ್ಲಿ ಬೇರೆ ಅವ್ವ ಬರುತ್ತಾಳೆ, ಅಷ್ಟೇ. ಆ ಕ್ಯಾಸೆಟ್ಟು ತುಂಬಿದ್ದು ರಿಪೇರಿಗೆ ಬಂದ ಯಾರದೋ ಟೇಪಿನಲ್ಲಿ. ಅದರ ಓಟ ಎಷ್ಟಿತ್ತೋ ಯಾರು ಬಲ್ಲರು?

ಮೊಬೈಲಿನಲ್ಲಿ ವಿಡಿಯೊ ನೋಡಿ ಪವಿತ್ರಾ ತಾನೇ ತಿರುಪು ಹುಡುಕಿದಳು. ತುಸು ತಿರುಗಿಸಿದರೆ ಗಂಡಸಿನ ದನಿ. ಹಿಂದಕ್ಕೆ ತಿರುಗಿಸಿದರೆ ಮತ್ತೆ ಹುಡುಗಿ.

‘ಆಯೀ, ಈಗ ಹೌದೇನು?’

‘ಅಲ್ಲಬೇ.’

‘ಈಗ?’

ಹೌದು ಅನ್ನಿಸಿತು. ಅದರ ಹಿಂದಿನದೂ ಹೌದಿತ್ತೇನೋ ಅನ್ನಿಸಿತು. ಆಮೇಲೆ ಯಾವುದೂ ಅಲ್ಲ ಅನ್ನಿಸಿತು. ಬಾಜೂಕ್ಕೆ ತಿರುಗಿ ಕೇಳೋಣವೆಂದರೆ ಆ ದನಿ ಕೇಳಿದವರು ನನ್ನನ್ನು ಬಿಟ್ಟು ಯಾರೂ ಉಳಿದಿಲ್ಲ. ‘ಏನ್ ಆಯೀ, ನಿಮ್ಮವ್ವನ ದನೀನ ನಿನಗ ಗೊತ್ತಿಲ್ಲೇನು?’ ಎಂದಳು ಪವಿತ್ರಾ, ಚೇಷ್ಟೆಗೆ. ‘ಬಂದ್ ಮಾಡಬೇ ಸಾಕು’ ಎಂದೆ.

ಆ ಟೇಪು ಬರುವ ತನಕ, ಕ್ಯಾಸೆಟ್ಟು ಮೂಕವಾಗಿ ಬಿದ್ದಿದ್ದಾಗ, ಅವ್ವ ನನ್ನ ಕಿವಿಯಲ್ಲಿ ಸರಿಯಾಗಿ ಇದ್ದಳು. ಹಿತ್ತಲಿನಿಂದ ನನ್ನ ಹೆಸರು ಹಿಡಿದು ಕರೆಯುವುದು ನೆನೆಸಿಕೊಂಡಾಗಲೆಲ್ಲ ಕೇಳುತ್ತಿತ್ತು. ಈಗ ನೆನೆಸಿಕೊಂಡರೆ ಆ ಸಣ್ಣ ಹುಡುಗಿ ಕರೆಯುತ್ತಾಳೆ, ಇಲ್ಲವೇ ಆ ಗಂಡಸು.